ಹೊಗೆಸೊಪ್ಪಿನ ನಾಮವಿಚಾರವೂ ಪ್ರಾಚೀನತೆಯ ಪ್ರಶ್ನೆಯೂ

ಕನ್ನಡನಾಡಿನಲ್ಲಿ ಹೊಗೆಸೊಪ್ಪೆಂದೂ ತಂಬಾಕೆಂದೂ ಎರಡು ಹೆಸರುಗಳಿಂದ ಪ್ರಸಿದ್ಧವಾದ ಸಸ್ಯವು ಹೊಲ, ಮನೆ, ಅಂಗಡಿ, ಸಂತೆ ಎಲ್ಲೆಲ್ಲಿಯೂ ಪರಿಚಿತವಾದದ್ದು. ಪರಿಚಯವು ಇಷ್ಟು ಗಾಢವಾದುದರಿಂದಲೇ ಈ ಸಸ್ಯವು ಅನಾದಿಯಿಂದ ಇಲ್ಲಿಯೇ ಇದ್ದಿತೆಂಬ ಭಾವನೆಯು ಅನೇಕರಲ್ಲಿ ನೆಲೆಗೊಂಡಿದೆ. ಇದಕ್ಕೆ ಆಧಾರವಾಗಿ ನಾಲ್ಕು ಸಂಗತಿಗಳನ್ನು ಹೇಳುವುದುಂಟು. ಚರಕ ಸುಶ್ರುತ ಸಂಹಿತೆಗಳಲ್ಲಿ ಧೂಮಪಾನವಿಧಿಯು ವಿಸ್ತಾರವಾಗಿ ಉಕ್ತವಾಗಿದೆ ಎಂಬುದು ಒಂದು. ಮೀಮಾಂಸಾಶಾಸ್ತ್ರದಲ್ಲಿ ನಿಷಿದ್ಧವಾದ ಕಲಂಜವೇ ಹೊಗೆಸೊಪ್ಪು ಎಂಬುದು ಎರಡು. ತಮಾಖು, ತಾಮ್ರಕೂಟ, ಧೂಮ್ರಪತ್ರಾ ಮೊದಲಾದ ಸಂಸ್ಕೃತನಾಮಗಳಿವೆ ಎಂಬುದು ಮೂರು. ದ್ರಾವಿಡ ಭಾಷೆಗಳಲ್ಲಿ ಇದಕ್ಕೆ ಸಮಾನಾರ್ಥಕವಾದ ದೇಶ್ಯನಾಮಗಳಿವೆ ಎಂಬುದು ನಾಲ್ಕು. ಇವನ್ನು ಪರೀಕ್ಷಿಸಿ, ಸಸ್ಯವು ಎಲ್ಲಿಯದು, ಅದರ ಹೆಸರು ಎಲ್ಲಿಂದ ಬಂದಿತು, ಈ ನಾಡನ್ನು ಅದು ಯಾವಾಗ ಸೇರಿತು ಎಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶ. ಪ್ರಶ್ನೆಯು ಒಂದು ಸೊಪ್ಪಿಗೆ ಸಂಬಂಧಿಸಿದುದಾದರೂ ಅದರ ಫಲವು ಅಷ್ಟಕ್ಕೇ ನಿಲ್ಲತಕ್ಕದ್ದಲ್ಲ. ಶಬ್ದವನ್ನು ಹಿಡಿದು ಪದಾರ್ಥದ ಕಾಲವನ್ನು ಹೇಳುವ ಪದ್ಧತಿಯು ಎಷ್ಟರ ಮಟ್ಟಿಗೆ ಗ್ರಾಹ್ಯವೆಂಬುದೇ ಇಲ್ಲಿ ಮುಖ್ಯವಾಗಿ ವಿಚಾರಾರ್ಹವಾದದ್ದು.

೧. ಸಸ್ಯದ ಸ್ವರೂಪ

ಹೊಗೆಸೊಪ್ಪು ಬದನೆಯ ಕುಟುಂಬಕ್ಕೆ ಸೇರಿದ ಗಿಡ. ಆಲೂಗಡ್ಡೆ, ಟೊಮೇಟೊ, ಮೆಣಸಿನಕಾಯಿ, ಉಮ್ಮತ್ತಿ ಇವೂ ಆ ಕುಟುಂಬದವೇ. ಸಸ್ಯಶಾಸ್ತ್ರಜ್ಞರು ಈ ಜಾತಿಗೆ ನಿಕೋಟಿಯಾನ ಎಂದು ಹೆಸರಿಟ್ಟಿರುವರು. ಈ ಜಾತಿಯ ಅನೇಕ ಪ್ರಭೇದಗಳೊಳಗೆ ಮನುಷ್ಯರು ವಿಶೇಷವಾಗಿ ಬೆಳೆಯತಕ್ಕವು ಎರಡು. ನಿಕೋಟಿಯಾನ ಟಬ್ಯಾಕಮ್ ಎಂಬುದು ಆಳೆತ್ತರಕ್ಕೆ ಬೆಳೆದು ದೊಡ್ಡ ಎಲೆಗಳನ್ನೂ ನಸುಗೆಂಪು ಹೂಗಳನ್ನೂ ತಳೆಯುತ್ತದೆ. ನಿಕೋಟಿಯಾನ ರಸ್ಟಿಕ ಎಂಬುದು ಗಿಡ್ಡಾದದ್ದು, ಹೂವು ಹಳದಿ ಹಸುರು, ಎಲೆಯ ಖಾರವು ಹೆಚ್ಚು. ಬೀಜವು ಅತಿಸೂಕ್ಷ್ಮವಾದದ್ದು, ಒಂದು ಗ್ರಾಂ ತೂಕದಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಬೀಜಗಳು ಹಿಡಿಸುತ್ತವೆ. ಆದುದರಿಂದ ಬೀಜವನ್ನು ನೇರವಾಗಿ ಹೊಲಕ್ಕೆ ಬಿತ್ತದೆ ಸಸಿಮಡಿಯಲ್ಲಿ ಬೆಳೆಸಿ ಕಿತ್ತು ನಡುತ್ತಾರೆ. ಹೂವು ಬರುವ ಹೊತ್ತಿಗೆ ಕುಡಿಯನ್ನು ಚಿವುಟಿದರೆ ಸತ್ತ್ವವೆಲ್ಲ ಎಲೆಗೆ ಇಳಿಯುತ್ತದೆ. ಕೊಯ್ದ ಎಲೆಯನ್ನು ಒಣಗಿಸಿ ಹದಗೊಳಿಸಿದ ಮೇಲೆಯೇ ಅದಕ್ಕೆ ವಾಸನೆಯೂ ರುಚಿಯೂ ಬರುವುವು. ಎಲೆಯಲ್ಲಿರುವ ಮಾದಕಾಂಶವಾದ ನಿಕೋಟಿನನ್ನು ೧೮೨೮ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬ ಇಬ್ಬರು ಮೊದಲು ಬೇರ್ಪಡಿಸಿದರು. ಅದು ಉಗ್ರವಾದ ವಿಷ.

ಮೇಲೆ ಹೇಳಿದ ಎರಡು ಪ್ರಭೇದಗಳ ಮೂಲವೂ ದಕ್ಷಿಣ ಅಮೆರಿಕದ ನೆಲವೇ ಎಂಬುದು ಸಸ್ಯಶಾಸ್ತ್ರದಲ್ಲಿ ಸ್ಥಿರಪಟ್ಟ ವಿಷಯ. ಮೊದಲನೆಯದರ ಜನಕಗಳೆಂದು ಗೊತ್ತಾಗಿರುವ ಕಾಡುಗಿಡಗಳು ಇಂದಿಗೂ ಅಲ್ಲಿಯೇ ಬೆಳೆಯುತ್ತವೆ. ಭಾರತದಲ್ಲಿ ಅವು ಸ್ವಭಾವವಾಗಿ ಬೆಳೆಯುವುದಿಲ್ಲ.

೨. ಧೂಮಪಾನವೂ ನಸ್ಯವೂ

ಇನ್ನು ಮೊದಲನೆಯ ಪಕ್ಷವನ್ನು ನೋಡಬಹುದು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಧೂಮಪಾನವು ದಿನಚರ್ಯೆಯ ಒಂದು ಅಂಗವಾಗಿ ವಿಹಿತವಾಗಿದೆ. ಅದು ಪ್ರಾಯೋಗಿಕ, ಸ್ನೈಹಿಕ, ವೈರೇಚನಿಕ ಎಂದು ಮೂರು ವಿಧ. ಸುಶ್ರುತನು ಕಾಸಘ್ನ, ವಾಮನೀಯ ಎಂಬ ಎರಡನ್ನು ಸೇರಿಸಿ ಐದು ವಿಧವೆಂದು ಹೇಳುವನು. ಹರೇಣುಕ, ಪ್ರಿಯಂಗು, ಚಂದನ, ಏಲಕ್ಕಿ, ಲಾಮಂಚ ಮೊದಲಾದ ದ್ರವ್ಯಗಳನ್ನು ಅರೆದು, ಅಂಗುಷ್ಠದಷ್ಟು ದಪ್ಪಕ್ಕೂ ಎಂಟಂಗುಲ ಉದ್ದಕ್ಕೂ ಬತ್ತಿಯನ್ನು ಮಾಡಿ ಒಣಗಿಸಿ, ತುಪ್ಪ ಸವರಿ ಹೊತ್ತಿಸಿ, ಧೂಮನೇತ್ರವೆಂಬ ನಳಿಕೆಯಿಂದ ಹೊಗೆಯನ್ನು ಸೇದಬೇಕೆಂದು ವಿಧಿ. ಸ್ನಾನವಾದ ಮೇಲೆ, ಊಟವಾದ ಮೇಲೆ, ಸೀನಿದ ಮೇಲೆ ಎಂಬಿವೇ ಮೊದಲಾಗಿ ಎಂಟು ಕಾಲಗಳೂ ಗೊತ್ತಾಗಿವೆ. ಏಳನೆಯ ಶತಮಾನದ ಬಾಣಭಟ್ಟನ ಕಾದಂಬರಿಯಲ್ಲಿ ಶೂದ್ರಕರಾಜನು ಭೋಜನಾನಂತರ ಧೂಮವರ್ತಿಯನ್ನು ಸೇದಿ, ಆಚಮನಮಾಡಿ, ತಾಂಬೂಲವನ್ನು ತೆಗೆದುಕೊಂಡನೆಂದಿರುವುದು ಈ ವಿಧಿಯ ಅನುಸರಣೆಯೇ.

ಇದರಿಂದ ಸಿದ್ಧವಾಗುವುದು ಹೊಗೆಯನ್ನು ಸೇದುವ ಕ್ರಿಯೆಯ ಪ್ರಾಚೀನತೆಯೇ ಹೊರತು ಹೊಗೆಸೊಪ್ಪಿನ ಪ್ರಾಚೀನತೆಯಲ್ಲ. ಬತ್ತಿಗೆ ಬೇಕಾದ ದ್ರವ್ಯಗಳನ್ನು ಸಂಹಿತೆಗಳು ಒಂದೊಂದಾಗಿ ಹೆಸರಿಸಿವೆ. ಅವುಗಳೊಳಗೆ ಈ ಸೊಪ್ಪಿಲ್ಲ. ನಸ್ಯದ ವಿಷಯವೂ ಹೀಗೆಯೇ. ಮೂಗಿನಿಂದ ಕೊಡತಕ್ಕ ಔಷಧಕ್ಕೆಲ್ಲ ಆಯುರ್ವೇದದಲ್ಲಿ ನಸ್ಯವೆಂದು ಹೆಸರು. ತೈಲವೂ ನಸ್ಯವೇ, ಸ್ವರಸವೂ ನಸ್ಯವೇ, ಚೂರ್ಣವೂ ನಸ್ಯವೇ. ಹೊಗೆಸೊಪ್ಪಿನ ಪುಡಿಯನ್ನು ಮೂಗಿಗೆ ಏರಿಸುವ ವಾಡಿಕೆ ಬಂದ ಮೇಲೆ ನಶ್ಯವೆಂದರೆ ಕನ್ನಡದಲ್ಲಿ ಆ ಪುಡಿಯೊಂದೇ ಎಂದಾಯಿತು. ಧೂಮಪಾನವೆಂಬ ಮಾತೂ ಈಗ ಬೀಡಿ ಸಿಗರೇಟುಗಳನ್ನು ಸೇದುವುದಕ್ಕೇ ಮೀಸಲಾಗಿದೆ. ಹಳೆಯ ಪಾತ್ರೆಯಲ್ಲಿ ಹೊಸ ಪದಾರ್ಥವನ್ನು ತುಂಬಿದ ಮಾತ್ರಕ್ಕೆ ಪದಾರ್ಥವು ಹಳೆಯದಾಗುವುದಿಲ್ಲವಷ್ಟೆ.

೩. ಕಲಂಜವೂ ಧೂಮ್ರಪತ್ರೆಯೂ

ಕಲಂಜವನ್ನು ತಿನ್ನಬಾರದೆಂಬುದು ಮೀಮಾಂಸಕರು ನಿಷೇಧವಾಕ್ಯಕ್ಕೆ ಕೊಡುವ ಪ್ರಸಿದ್ಧವಾದ ಉದಾಹರಣೆ. ಜೈಮಿನಿಸೂತ್ರಗಳ ಆರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಇದರ ವಿಚಾರವಿದೆ. ವಿಷದಿಗ್ಧವಾದ ಬಾಣದಿಂದ ಹತವಾದ ಮೃಗದ ಮಾಂಸವೆಂಬುದು ಕಲಂಜಪದಕ್ಕೆ ಕೋಶಗಳಲ್ಲಿ ಕಾಣುವ ಅರ್ಥ. ಅರ್ವಾಚೀನರಾದ ಕೆಲವರು ಹೊಗೆಸೊಪ್ಪು ಎಂಬ ಅರ್ಥವನ್ನೂ ಅದಕ್ಕೆ ಸೇರಿಸಿದರು. ಹಾಗೆ ಸೇರಿಸಿದುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹೊಸದಾಗಿ ಬಂದ ವಿಷಯುಕ್ತವಾದ ಸೊಪ್ಪನ್ನು ಶಾಸ್ತ್ರದಿಂದ ನಿಷೇಧಿಸಬೇಕಾಗಿದ್ದಿತು. ಶಾಸ್ತ್ರದಲ್ಲಿ ಅದರ ಹೆಸರಿರಲಿಲ್ಲ. ವಿಷಸಂಬಂಧವುಳ್ಳ ಕಲಂಜವು ಕೈಗೆ ಸಿಕ್ಕಿತು. ಆದರೆ ಈ ಹೊಸ ಅರ್ಥವನ್ನು ಹಿಂದಕ್ಕೆ ಒಯ್ದು ಶಬರಸ್ವಾಮಿಗಳ ಕಾಲದಲ್ಲಿಯೇ ಹೊಗೆಸೊಪ್ಪು ಇದ್ದಿತೆಂದರೆ, ಮಗನ ಹೆಸರನ್ನು ನೋಡಿ ತಾತನ ರೂಪವನ್ನು ಬರೆದಂತಾಗುತ್ತದೆ.

ರಾಜನಿಘಂಟಿನಲ್ಲಿ ಕಾಣುವ ಧೂಮ್ರಪತ್ರಾ ಎಂಬ ಹೆಸರಿಗೂ ಇದೇ ಗತಿ ಬಂದಿದೆ. ಅದು ಕ್ರಿಮಿಘ್ನವೆಂದು ಹೇಳಿರುವ ಬೇರೊಂದು ಮೂಲಿಕೆಯ ಹೆಸರು. ವ್ಯಾಕರಣದಿಂದ ನೋಡಿದರೂ ಧೂಮವೇ ಬೇರೆ, ಧೂಮ್ರವೇ ಬೇರೆ. ಧೂಮವೆಂದರೆ ಹೊಗೆ, ಧೂಮ್ರವೆಂದರೆ ಹೊಗೆಯ ಬಣ್ಣವುಳ್ಳದ್ದು. ಧೂಮ್ರಪತ್ರಾ ಎಂದರೆ ಬೂದುಬಣ್ಣದ ಎಲೆಯುಳ್ಳ ಗಿಡವೆಂದಾಗುವುದೇ ಹೊರತು ಹೊಗೆಗೆ ಉಪಯೋಗಿಸುವ ಎಲೆಯೆಂದಾಗದು.

೪. ಹಳೆಯ ಗ್ರಂಥಗಳ ಮೌನ

ಗ್ರಂಥಗಳ ಮೌನವನ್ನು ಪ್ರಮಾಣವಾಗಿ ಹಿಡಿಯುವುದು ಎಲ್ಲೆಡೆಯಲ್ಲಿಯೂ ಯುಕ್ತವಲ್ಲ. ಆದರೆ ಹೇಳಲೇಬೇಕಾದ ಸ್ಥಳದಲ್ಲಿ ಎಲ್ಲರೂ ಒಟ್ಟಿಗೆ ಮೌನವಾಗಿದ್ದರೆ ಆ ಮೌನಕ್ಕೆ ಬೆಲೆಯುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜಭೋಗಗಳನ್ನು ಎಣಿಸಿ, ತಾಂಬೂಲಕ್ಕೂ ಧೂಪಕ್ಕೂ ಪ್ರತ್ಯೇಕವಾದ ಪ್ರಕರಣಗಳನ್ನೇ ಮೀಸಲಿಟ್ಟಿರುವನು. ಅಡಕೆ, ಎಲೆ, ಸುಣ್ಣ, ಕರ್ಪೂರ ಇವುಗಳ ಗುಣದೋಷಗಳನ್ನು ಅಷ್ಟು ಬಿಡಿಸಿ ಹೇಳಿದ ಗ್ರಂಥದಲ್ಲಿ ಹೊಗೆಸೊಪ್ಪಿನ ಮಾತಿಲ್ಲ. ಪಂಪನಿಂದ ಕುಮಾರವ್ಯಾಸನವರೆಗಿನ ಕನ್ನಡ ಕಾವ್ಯಗಳಲ್ಲಿ ತಾಂಬೂಲವು ಬರುವುದೇ ಹೊರತು ಈ ಸೊಪ್ಪು ಬರುವುದಿಲ್ಲ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ವೀಳ್ಯದೆಲೆಯನ್ನು ಬೆರಗಿನಿಂದ ವರ್ಣಿಸಿದನು. ೧೫೨೦ರ ಸುಮಾರಿನಲ್ಲಿ ಅಲ್ಲಿದ್ದ ಪೋರ್ತುಗೀಸ ಪೇಯಿಸನೂ ವೀಳ್ಯವನ್ನು ಹೇಳುವನು. ಕಂಡದ್ದನ್ನೆಲ್ಲ ಬರೆದುಕೊಂಡ ಈ ಪರದೇಶೀಯರಿಬ್ಬರೂ ಹೊಗೆಸೊಪ್ಪನ್ನು ಕಾಣಲಿಲ್ಲ.

೫. ತಬಾಕೋ ಎಂಬ ಶಬ್ದದ ಮೂಲ

ಕ್ರಿ. ಶ. ೧೪೯೨ರ ಅಕ್ಟೋಬರಿನಲ್ಲಿ ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿ ದ್ವೀಪಗಳನ್ನು ಮುಟ್ಟಿದಾಗ ಅಲ್ಲಿಯ ನಿವಾಸಿಗಳಲ್ಲಿ ಒಣಗಿದ ಎಲೆಗಳನ್ನು ಕಂಡನು. ನವೆಂಬರಿನಲ್ಲಿ ಕ್ಯೂಬಾ ದ್ವೀಪದ ಒಳನಾಡಿಗೆ ಅವನು ಕಳುಹಿಸಿದ ಲೂಯಿಸ್ ದೆ ತೊರ್ರೆಸ್ ಮತ್ತು ರೊದ್ರೀಗೋ ದೆ ಹೆರೆಸ್ ಎಂಬವರು, ಗಂಡಸರೂ ಹೆಂಗಸರೂ ಹೊತ್ತಿಸಿದ ಸೊಪ್ಪಿನ ಹೊಗೆಯನ್ನು ಸೇದುತ್ತಿದ್ದುದನ್ನು ಕಂಡು ಬಂದರು. ಈ ಸೊಪ್ಪಿನ ಸುರುಳಿಗಳಿಗೆ ಆ ಜನರು ತಬಾಕೋ ಎನ್ನುತ್ತಾರೆಂದು ಪಾದ್ರಿ ಲಾಸ್ ಕಾಸಾಸನು ಬರೆದನು. ೧೫೩೫ರಲ್ಲಿ ಗ್ರಂಥವನ್ನು ಪ್ರಕಟಿಸಿದ ಒವಿಯೆದೊ ಎಂಬ ಇತಿಹಾಸಕಾರನು ಬೇರೆ ಬಗೆಯಾಗಿ ಹೇಳುವನು. ಒಂದು ತುದಿಯನ್ನು ಹೊಗೆಗೆ ಹಿಡಿದು ಕವಲೊಡೆದ ಎರಡು ತುದಿಗಳನ್ನು ಮೂಗಿನ ಹೊಳ್ಳೆಗಳಿಗೆ ಇಡತಕ್ಕ ಕೊಳವೆಯೇ ತಬಾಕೋ. ಸೊಪ್ಪಿನ ಹೆಸರು ಅದಲ್ಲ ಎಂದು ಅವನ ಮತ. ಇಬ್ಬರ ಮಾತಿನಲ್ಲಿಯೂ ಸಮಾನವಾದ ಅಂಶವೊಂದಿದೆ. ಮೊದಲು ಉಪಕರಣಕ್ಕೋ ಸುರುಳಿಗೋ ಇದ್ದ ಹೆಸರು ಬಳಿಕ ಸಸ್ಯಕ್ಕೆ ಸಂಕ್ರಮಿಸಿತು.

ಮೂರನೆಯ ಮತವೊಂದುಂಟು. ಅರಬ್ಬೀ ವೈದ್ಯರು ಕೆಲವು ಮೂಲಿಕೆಗಳನ್ನು ತುಬ್ಬಾಕ್ ಎಂದು ಒಂಬತ್ತನೆಯ ಶತಮಾನದಿಂದಲೂ ಕರೆಯುತ್ತಿದ್ದರು. ಆ ಶಬ್ದವು ಸ್ಪೇನ್ ಇಟಲಿ ದೇಶಗಳ ಭಾಷೆಗಳಿಗೆ ಕೊಲಂಬಸನಿಗಿಂತ ಮೊದಲೇ ಇಳಿದು ಬಂದಿದ್ದಿತು. ಸ್ಪೇನಿನವರು ತಮಗೆ ಪರಿಚಿತವಾದ ಆ ಮೂಲಿಕೆಯ ಹೆಸರನ್ನೇ ಹೊಸ ಸೊಪ್ಪಿಗೆ ಅಂಟಿಸಿದರೆಂದು ಈ ಮತದವರ ವಾದ. ದ್ವೀಪವಾಸಿಗಳ ಭಾಷೆಯು ನಾಶವಾದುದರಿಂದ ಇದರ ಕೊನೆಯ ನಿರ್ಣಯವು ಸುಲಭವಲ್ಲ. ಇವುಗಳಲ್ಲಿ ಯಾವುದು ನಿಜವಾದರೂ ಹಳೆಯ ಶಬ್ದವೊಂದು ಹೊಸ ವಸ್ತುವಿನ ಮೇಲೆ ಬಂದು ಕುಳಿತಿತೆಂಬ ನ್ಯಾಯವು ಮಾತ್ರ ಅಲ್ಲಿಯೂ ಕಂಡುಬರುತ್ತದೆ.

ಅಮೆರಿಕದ ಬೇರೆ ಜನಾಂಗಗಳಲ್ಲಿ ಈ ಸಸ್ಯಕ್ಕೆ ಬೇರೆ ಬೇರೆ ಹೆಸರುಗಳಿದ್ದುವು. ಮೆಕ್ಸಿಕೋದ ನಹುವಾಟ್ಲ್ ಭಾಷೆಯಲ್ಲಿ ಯೆಟ್ಲ್, ಪಿಸಿಯೆಟ್ಲ್; ಪೆರುವಿನ ಕೆಚುವಾ ಭಾಷೆಯಲ್ಲಿ ಸೈರಿ; ಬ್ರೆಜಿಲಿನ ತುಪಿ ಜನರ ಮಾತಿನಿಂದ ಪೆತುನ್. ಕೊನೆಯದು ಫ್ರೆಂಚ್ ಭಾಷೆಯಲ್ಲಿ ಕೆಲಕಾಲ ನಡೆದು, ಈಗ ಪೆಟೂನಿಯ ಎಂಬ ಹೂಗಿಡದ ಹೆಸರಿನಲ್ಲಿ ಉಳಿದಿದೆ. ಲಿಸ್ಬನ್ ನಗರದಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಝಾನ್ ನಿಕೋ ಎಂಬುವನು ೧೫೬೦ರಲ್ಲಿ ಈ ಸಸ್ಯವನ್ನು ಔಷಧವೆಂದು ತನ್ನ ದೇಶಕ್ಕೆ ಕಳುಹಿಸಿದನು. ಅವನ ಹೆಸರೇ ೧೭೫೩ರಲ್ಲಿ ಲಿನೇಯಸನ ಗ್ರಂಥದಲ್ಲಿ ಜಾತಿನಾಮವಾಗಿ ನಿಂತಿತು. ಸೆವಿಲ್ ನಗರದ ವೈದ್ಯ ಮೊನಾರ್ದೆಸನು ೧೫೭೧ರಲ್ಲಿ ಇದನ್ನು ಅನೇಕ ರೋಗಗಳಿಗೆ ಮದ್ದೆಂದು ಹೊಗಳಿದನು. ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನು ೧೬೦೪ರಲ್ಲಿ ಇದನ್ನು ಖಂಡಿಸಿ ಪುಸ್ತಕವನ್ನೇ ಬರೆದನು.

೬. ಬಿಜಾಪುರದಿಂದ ಆಗ್ರಾಕ್ಕೆ

ಪೋರ್ತುಗೀಸರು ೧೫೧೦ರಲ್ಲಿ ಗೋವೆಯನ್ನು ಬಿಜಾಪುರದ ಆದಿಲಶಾಹಿಗಳಿಂದ ಕಿತ್ತುಕೊಂಡರು. ಅನಾನಸು, ಮೆಣಸಿನಕಾಯಿ, ಗೇರು ಇವುಗಳೊಡನೆ ಹೊಗೆಸೊಪ್ಪೂ ಅವರ ಹಡಗುಗಳಲ್ಲಿ ಈ ಕರಾವಳಿಗೆ ಬಂದಿತು. ಗೋವೆಯಿಂದ ಘಟ್ಟವನ್ನು ಹತ್ತಿದರೆ ಸಿಕ್ಕುವುದು ಬಿಜಾಪುರದ ಸೀಮೆ. ಆದುದರಿಂದ ಈ ಸೊಪ್ಪನ್ನು ಕುರಿತು ಭಾರತದಲ್ಲಿ ದೊರೆಯುವ ಅತ್ಯಂತ ಸ್ಪಷ್ಟವಾದ ಆರಂಭಕಾಲದ ಸಾಕ್ಷ್ಯವು ಕನ್ನಡನಾಡಿನ ಆ ರಾಜಧಾನಿಯಿಂದಲೇ ಹೊರಟಿರುವುದು ಆಶ್ಚರ್ಯವಲ್ಲ.

ಅಕ್ಬರ ಬಾದಶಹನು ಎರಡನೆಯ ಇಬ್ರಾಹಿಂ ಆದಿಲಶಹನ ಆಸ್ಥಾನಕ್ಕೆ ಅಸದ್ ಬೇಗನೆಂಬುವನನ್ನು ಕಳುಹಿಸಿದ್ದನು. ಆತನು ಫಾರಸಿಯಲ್ಲಿ ಬರೆದಿಟ್ಟ ವೃತ್ತಾಂತದ ಸಾರಾಂಶವಿದು. ಹಿಂದೆಂದೂ ಕಾಣದಿದ್ದ ತಂಬಾಕುವನ್ನು ಅವನು ಬಿಜಾಪುರದಲ್ಲಿ ಕಂಡು, ಸ್ವಲ್ಪವನ್ನು ಸಂಗ್ರಹಿಸಿ, ರತ್ನಖಚಿತವಾದ ನಳಿಕೆಯನ್ನೂ ಚಿನ್ನದ ಅಗ್ಗಿಷ್ಟಿಕೆಯನ್ನೂ ಮಾಡಿಸಿಕೊಂಡು, ೧೬೦೪-೦೫ರ ಸುಮಾರಿನಲ್ಲಿ ಆಗ್ರಾದಲ್ಲಿ ಬಾದಶಹನಿಗೆ ಕಾಣಿಕೆಯಾಗಿ ಒಪ್ಪಿಸಿದನು. ಇದು ಮಕ್ಕಾ ಮದೀನಗಳಲ್ಲಿ ಪ್ರಸಿದ್ಧವಾದ ತಂಬಾಕು ಎಂದು ಖಾನೆ ಆಜಮನು ಅರಿಕೆಮಾಡಿದನು. ಅಕ್ಬರನು ಎರಡು ಮೂರು ಸಲ ಸೇದಿದನು. ಆಗ ರಾಜವೈದ್ಯನು ತಡೆದು, ಇದು ಪರೀಕ್ಷೆಗೆ ನಿಂತ ವಸ್ತುವಲ್ಲ, ತಮ್ಮ ವೈದ್ಯಗ್ರಂಥಕಾರರು ಇದನ್ನು ಕುರಿತು ಏನನ್ನೂ ಬರೆದಿಲ್ಲ, ಫಿರಂಗಿಗಳ ರೂಢಿಯನ್ನು ಅನುಸರಿಸುವುದು ತಕ್ಕುದಲ್ಲ ಎಂದನು. ಲೋಕದಲ್ಲಿರುವ ಆಚಾರಗಳೆಲ್ಲ ಒಂದು ಕಾಲದಲ್ಲಿ ಹೊಸವೇ ಆಗಿದ್ದುವು ಎಂದು ಅಸದ್ ಬೇಗನು ಪ್ರತ್ಯುತ್ತರ ಕೊಟ್ಟನು. ತಮ್ಮ ಗ್ರಂಥಗಳಲ್ಲಿ ಇಲ್ಲವೆಂಬ ಮಾತ್ರಕ್ಕೆ ಅನ್ಯದೇಶದ ಪ್ರಾಜ್ಞರು ಒಪ್ಪಿದುದನ್ನು ತಳ್ಳಿಬಿಡಬಾರದೆಂದು ಬಾದಶಹನು ಆ ಮಾತನ್ನು ಮೆಚ್ಚಿದನು. ಆದರೆ ತಾನು ಮಾತ್ರ ಅಭ್ಯಾಸಮಾಡಿಕೊಳ್ಳಲಿಲ್ಲ. ಸರದಾರರು ಬಯಸಿದರು, ವರ್ತಕರು ತರಿಸಿ ಮಾರಲಾರಂಭಿಸಿದರು. ೧೬೧೭ರಲ್ಲಿ ಜಹಾಂಗೀರನು ಇದನ್ನು ಸೇದಬಾರದೆಂದು ಆಜ್ಞೆ ಹೊರಡಿಸಬೇಕಾಯಿತೆಂದರೆ ಹನ್ನೆರಡು ಹದಿಮೂರು ವರುಷಗಳಲ್ಲಿ ಇದು ಎಷ್ಟು ಹಬ್ಬಿದ್ದಿತೆಂಬುದನ್ನು ಊಹಿಸಬಹುದು. ಆಜ್ಞೆಯು ಫಲಿಸಲಿಲ್ಲ.

ಈ ಸಂವಾದದಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸೊಪ್ಪನ್ನು ತಂದವನೂ, ಅದನ್ನು ತಡೆದವನೂ, ತೀರ್ಪು ಹೇಳಿದವನೂ ಒಂದು ವಿಷಯದಲ್ಲಿ ಏಕಾಭಿಪ್ರಾಯವುಳ್ಳವರಾಗಿದ್ದರು: ಇದು ಹೊಸ ವಸ್ತು, ಗ್ರಂಥಗಳಲ್ಲಿ ಇಲ್ಲದ್ದು.

೭. ತಂಬಾಕು, ತಮಾಖು, ತಾಮ್ರಕೂಟ

ಪೋರ್ತುಗೀಸ್ ತಬಾಕೋ ಎಂಬುದು ಪೂರ್ವದೇಶಗಳಲ್ಲಿ ಸಂಚರಿಸುವಾಗ ಬಕಾರಕ್ಕೆ ಮೊದಲು ಅನುನಾಸಿಕವನ್ನು ಪಡೆಯಿತು. ಫಾರಸಿಯಲ್ಲಿಯೂ ಹಿಂದಿಯಲ್ಲಿಯೂ ತಂಬಾಕೂ, ಮರಾಠಿಯಲ್ಲಿ ತಂಬಾಖೂ, ಮಲಯ ಭಾಷೆಯಲ್ಲಿ ತೆಂಬಕೌ. ಮುಂದೆ ಬಕಾರವು ಅನುನಾಸಿಕದಲ್ಲಿ ಲೀನವಾಗಿ ಗುಜರಾತಿಯಲ್ಲಿ ತಮಾಕು, ಬಂಗಾಳಿಯಲ್ಲಿ ತಾಮಾಕ್ ಎಂದಾಯಿತು. ಕನ್ನಡದ ಉತ್ತರಭಾಗದಲ್ಲಿ ಬಳಕೆಯಲ್ಲಿರುವ ತಂಬಾಕು ಈ ಶ್ರೇಣಿಯದೇ. ಸಂಸ್ಕೃತದ ತಮಾಖು ಶಬ್ದವು ಇವುಗಳ ತಾಯಿಯಲ್ಲ, ಮಗಳು. ದೇಶಭಾಷೆಯ ರೂಪಕ್ಕೆ ಉಕಾರಾಂತ ಪುಲ್ಲಿಂಗದ ಉಡುಪನ್ನು ತೊಡಿಸಿದ್ದರಿಂದ ಅದು ಹುಟ್ಟಿತು. ಅಮರಕೋಶದಲ್ಲಿ ಅದು ಇಲ್ಲ. ಯೋಗರತ್ನಾಕರದಂತಹ ಈಚಿನ ವೈದ್ಯಸಂಗ್ರಹಗಳಲ್ಲಿ ಉಂಟು. ಕ್ರಿ. ಶ. ೧೬೦೦ರಿಂದ ಈಚಿನ ಸಂಸ್ಕೃತ ಗ್ರಂಥಗಳಲ್ಲಿ ಬಂದಿರುವ ಇಂತಹ ಉಲ್ಲೇಖಗಳನ್ನು ಪುಣೆಯ ವಿದ್ವಾಂಸರಾದ ಪಿ. ಕೆ. ಗೋಡೆಯವರು ಶ್ರಮವಹಿಸಿ ಸಂಗ್ರಹಿಸಿರುವರು.

ಸಂಸ್ಕೃತಕವಿಗಳು ಈ ಹೊಸ ಶಬ್ದವನ್ನು ಉಲ್ಲಾಸದಿಂದಲೇ ಬರಮಾಡಿಕೊಂಡರು. ಭೂಲೋಕದಲ್ಲಿ ಸಾರವಾದದ್ದು ಯಾವುದೆಂದು ಇಂದ್ರನು ಕೇಳಲು ಬ್ರಹ್ಮನು ನಾಲ್ಕು ಮುಖಗಳಿಂದಲೂ ತಮಾಖುವೆಂದೇ ಹೇಳಿದನೆಂಬ ಚಾಟೂಕ್ತಿಯು ಪಂಡಿತರ ಗೋಷ್ಠಿಗಳಲ್ಲಿ ಪ್ರಸಿದ್ಧವಾದದ್ದು. ಇನ್ನೊಂದರಲ್ಲಿ ತಮಾಖುಪತ್ರವೆಂಬುದನ್ನು ತಂ, ಆಖುಪತ್ರಂ ಎಂದು ಒಡೆದು ಚಮತ್ಕಾರಮಾಡಿದೆ. ಆಖುವೆಂದರೆ ಇಲಿ, ಪತ್ರವೆಂದರೆ ಎಲೆ ಮಾತ್ರವಲ್ಲದೆ ವಾಹನವೂ ಆಗುವುದರಿಂದ ಆಖುಪತ್ರನೆಂದರೆ ಗಣಪತಿ. ಹೊಗೆಸೊಪ್ಪನ್ನು ಬಿಡು, ಗಣಪತಿಯನ್ನು ಭಜಿಸು ಎಂಬ ಎರಡು ಅರ್ಥಗಳೂ ಒಂದೇ ಅಕ್ಷರಪಂಕ್ತಿಯಿಂದ ಹೊರಡುತ್ತವೆ. ಹೀಗೆ ಸ್ತುತಿಯೂ ನಿಂದೆಯೂ ಜತೆಯಲ್ಲಿಯೇ ಬೆಳೆದುವು. ಬಂಗಾಳದ ಗ್ರಾಂಥಿಕ ಭಾಷೆಯಲ್ಲಿರುವ ತಾಮ್ರಕೂಟವು ತಾಮಾಕ್ ಎಂಬ ಧ್ವನಿಯನ್ನು ಸಂಸ್ಕೃತಾಕ್ಷರಗಳಿಂದ ಅನುಕರಿಸಿದ್ದು. ತಾಮ್ರಕ್ಕೂ ಶಿಖರಕ್ಕೂ ಈ ಸೊಪ್ಪಿಗೂ ಅರ್ಥಸಂಬಂಧವಿಲ್ಲ.

೮. ಹೊಗೆಸೊಪ್ಪು

ಇನ್ನು ನಾಲ್ಕನೆಯ ಪಕ್ಷ. ತಮಿಳಿನಲ್ಲಿ ಪುಗೈಯಿಲೈ, ಮಲೆಯಾಳದಲ್ಲಿ ಪುಗಯಿಲ, ತುಳುವಿನಲ್ಲಿ ಪುಗೆರೆ, ತೆಲುಗಿನಲ್ಲಿ ಪೊಗಾಕು, ಕನ್ನಡದಲ್ಲಿ ಹೊಗೆಸೊಪ್ಪು. ಎಲ್ಲಕ್ಕೂ ಹೊಗೆಯ ಎಲೆಯೆಂದೇ ಅರ್ಥ. ಇಷ್ಟು ಐಕಮತ್ಯವಿರುವಾಗ ಈ ಹೆಸರು ಮೂಲದ್ರಾವಿಡದಿಂದಲೇ ಬಂದಿರಬೇಕೆಂದು ತೋರುವುದು ಸಹಜ. ಆದರೆ ಸಮಾಸದ ಎರಡು ಪದಗಳನ್ನು ಬೇರೆಬೇರೆಯಾಗಿ ನೋಡಿದರೆ ಸಂಶಯವು ನಿವೃತ್ತಿಯಾಗುತ್ತದೆ. ಪೂರ್ವಪದವು ಎಲ್ಲೆಡೆಯಲ್ಲಿಯೂ ಒಂದೇ. ಹಳಗನ್ನಡದ ಪೊಗೆಯು ಪಕಾರವು ಹಕಾರವಾಗುವ ನಿಯಮದಿಂದ ಹೊಗೆಯಾಗಿದೆ. ಉತ್ತರಪದವು ಹಾಗಿಲ್ಲ. ತಮಿಳು ಮಲೆಯಾಳ ತುಳುಗಳಲ್ಲಿ ಎಲೆಯ ಸಜಾತೀಯ ಶಬ್ದ, ತೆಲುಗಿನಲ್ಲಿ ಆಕು, ಕನ್ನಡದಲ್ಲಿ ಸೊಪ್ಪು. ಕನ್ನಡದಲ್ಲಿ ಎಲೆಯೆಂಬ ಶಬ್ದವಿದ್ದರೂ ಅದು ಈ ಹೆಸರಿನೊಳಗೆ ಬರಲಿಲ್ಲ. ಸಮಾಸವು ಪಿತ್ರಾರ್ಜಿತವಾಗಿದ್ದರೆ ಉತ್ತರಪದವೂ ಒಂದೇ ಆಗಿರಬೇಕಿತ್ತು. ಆದುದರಿಂದ ಹೆಸರು ಮೂಲದಿಂದ ಇಳಿದದ್ದಲ್ಲ. ಒಂದೇ ವಸ್ತುವು ಒಂದೇ ಉಪಯೋಗದೊಡನೆ ಎಲ್ಲರ ಮುಂದೆ ಬಂದಾಗ ಒಬ್ಬೊಬ್ಬರೂ ತಮ್ಮ ತಮ್ಮ ಮಾತಿನಿಂದ, ಅಥವಾ ನೆರೆಯವರ ಹೆಸರಿನ ಅರ್ಥವನ್ನು ಅನುಸರಿಸಿ, ಕಟ್ಟಿಕೊಂಡದ್ದು ಎಂದು ತಿಳಿಯಬೇಕು.

ಇದಕ್ಕೆ ಮೆಣಸಿನಕಾಯಿಯೇ ದೃಷ್ಟಾಂತ. ಅದೂ ಅಮೆರಿಕದಿ೦ದ ಬಂದದ್ದು. ಖಾರವೆಂಬ ಸಾದೃಶ್ಯದಿಂದ ಹಳೆಯ ಮೆಣಸಿನ ಹೆಸರನ್ನು ಅದಕ್ಕೆ ಕೊಟ್ಟರು. ಮೆಣಸು ಪ್ರಾಚೀನವೆಂದು ಮೆಣಸಿನಕಾಯಿಯೂ ಪ್ರಾಚೀನವೆಂದು ಯಾರೂ ಸಾಧಿಸಲಾರರು. ಅದೇ ಹಡಗಿನಲ್ಲಿ ಬಂದ ಅನಾನಸು ತನ್ನ ಹೆಸರನ್ನು ತಾನೇ ತಂದಿತು. ಹೊಸ ವಸ್ತುವನ್ನು ಕರೆಯಲು ಕನ್ನಡಕ್ಕಿರುವ ಈ ಎರಡು ದಾರಿಗಳೂ ಹೊಗೆಸೊಪ್ಪು ತಂಬಾಕು ಎಂಬ ಎರಡು ಹೆಸರುಗಳಲ್ಲಿ ಒಟ್ಟಿಗೆ ಕಾಣುವುದು ವಿಶೇಷ.

೯. ಉಪಯೋಗಗಳೂ ಅವುಗಳ ಹೆಸರುಗಳೂ

ಹೆಸರಿನಲ್ಲಿ ಹೊಗೆಯಿದ್ದರೂ ಉಪಯೋಗವು ಅದರೊಂದರಲ್ಲಿಯೇ ನಿಲ್ಲಲಿಲ್ಲ. ಎಲೆ ಅಡಕೆ ಸುಣ್ಣಗಳೊಡನೆ ನಾಲ್ಕನೆಯದಾಗಿ ಹೊಗೆಸೊಪ್ಪು ಸೇರಿತು. ಅಗಿಯುವುದಕ್ಕೆಂದು ಮಾರುವ ಕಡ್ಡಿಪುಡಿಯು ಮೈಸೂರು ಸೀಮೆಯಲ್ಲಿ ಮನೆಮಾತು. ಸೇದುವುದರಲ್ಲಿ ಹುಕ್ಕಾ ಎಂಬುದು ಅರಬ್ಬೀ, ಚಿಲುಮೆಯು ಫಾರಸಿ ಮೂಲದ್ದು, ಗುಡುಗುಡಿಯು ನೀರಿನ ಸದ್ದಿನಿಂದಾದ ಅನುಕರಣಶಬ್ದ. ತಾಂಬೂಲದ ಸುರುಳಿಗೆ ಹೆಸರಾದ ಸಂಸ್ಕೃತದ ವೀಟಿಕೆಯಿಂದ ಬೀಡವೂ ಬೀಡಿಯೂ ಹುಟ್ಟಿದುವು. ಒಂದು ಅಗಿಯುವ ಸುರುಳಿಯಾಗಿಯೇ ಉಳಿಯಿತು, ಇನ್ನೊಂದು ಸೇದುವ ಸುರುಳಿಯಾಯಿತು. ತಮಿಳಿನ ಸುರುಟ್ಟು ಇಂಗ್ಲಿಷಿನಲ್ಲಿ ಚೆರೂಟ್ ಆಗಿ ಪರದೇಶವನ್ನು ಸೇರಿತು. ಸೊಪ್ಪಿನ ಕಷಾಯವನ್ನು ರೈತರು ಪೈರಿನ ಹುಳುಗಳಿಗೆ ಎರಚುತ್ತಾರೆ.

ಆಳುವವರಿಗೂ ಇದು ಆದಾಯದ ಮೂಲವಾಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಂಪನಿ ಸರಕಾರವು ಕೆನರಾ ಜಿಲ್ಲೆಯಲ್ಲಿ ಉಪ್ಪಿನಂತೆ ಹೊಗೆಸೊಪ್ಪಿನ ವ್ಯಾಪಾರವನ್ನೂ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡುದು ಪ್ರಜೆಗಳ ಅಸಂತೋಷಕ್ಕೆ ಒಂದು ಕಾರಣವಾಗಿದ್ದಿತು. ಇಂದು ನಿಪ್ಪಾಣಿಯ ಸುತ್ತಿನಲ್ಲಿ ಬೀಡಿಯ ಸೊಪ್ಪೂ, ಹುಣಸೂರು ಪಿರಿಯಾಪಟ್ಟಣಗಳ ಕಡೆ ಬಿಸಿಗಾಳಿಯ ಮನೆಗಳಲ್ಲಿ ಹದಗೊಳಿಸುವ ವರ್ಜೀನಿಯ ಸೊಪ್ಪೂ ಬೆಳೆಯುತ್ತವೆ. ಒಮ್ಮೆ ಮದ್ದೆನಿಸಿದ್ದು ರೋಗಬೀಜವೆಂದು ಈಗ ನಿರ್ಣೀತವಾಗಿದೆ. ಶ್ವಾಸಕೋಶದ ಕ್ಯಾನ್ಸರಿಗೂ ಇದಕ್ಕೂ ಇರುವ ಸಂಬಂಧವನ್ನು ೧೯೫೦ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬವರು ಅಂಕಿಅಂಶಗಳಿಂದ ತೋರಿಸಿದರು. ಭಾರತದಲ್ಲಿ ೨೦೦೩ರ ಕಾನೂನು ಇದರ ಮಾರಾಟವನ್ನೂ ಪ್ರಚಾರವನ್ನೂ ನಿರ್ಬಂಧಿಸಿದೆ.

೧೦. ಉಪಸಂಹಾರ

ಮೇಲಿನ ವಿಚಾರದಿಂದ ಹೊರಡುವ ನಿರ್ಣಯವಿಷ್ಟು. ಸಸ್ಯವು ಅಮೆರಿಕದ್ದು, ತಂಬಾಕು ಎಂಬ ಹೆಸರು ಪೋರ್ತುಗೀಸರ ಮೂಲಕ ಬಂದದ್ದು, ತಮಾಖು, ತಾಮ್ರಕೂಟಗಳು ಅದರ ಸಂಸ್ಕೃತವೇಷಗಳು, ಧೂಮಪಾನ, ನಸ್ಯ, ಕಲಂಜ, ಧೂಮ್ರಪತ್ರಾ ಇವು ಅನ್ಯಾರ್ಥದಲ್ಲಿದ್ದು ಬಳಿಕ ಈ ಸೊಪ್ಪಿಗೆ ಒದಗಿದ ಹಳೆಯ ಶಬ್ದಗಳು, ಹೊಗೆಸೊಪ್ಪು ಎಂಬುದು ಕನ್ನಡಿಗರು ಹೊಸ ವಸ್ತುವನ್ನು ಕಂಡು ಕಟ್ಟಿದ ಅಚ್ಚಗನ್ನಡದ ಮಾತು. ಇದರಿಂದ ಸಂಸ್ಕೃತಕ್ಕಾಗಲಿ ಕನ್ನಡಕ್ಕಾಗಲಿ ನ್ಯೂನತೆಯೇನೂ ಇಲ್ಲ. ಬಂದುದನ್ನು ಗುರುತಿಸಿ, ಹೆಸರಿಟ್ಟು, ತನ್ನದಾಗಿ ಮಾಡಿಕೊಳ್ಳುವ ಸಾಮರ್ಥ್ಯವೇ ಜೀವಂತವಾದ ಭಾಷೆಯ ಲಕ್ಷಣ.

ಆಗ್ರಾದ ವೈದ್ಯನು ಗ್ರಂಥಗಳಲ್ಲಿ ಇಲ್ಲವೆಂದು ಈ ಸೊಪ್ಪನ್ನು ನಿರಾಕರಿಸಿದನು. ಅವನ ಅನಂತರದವರು ಗ್ರಂಥಗಳಲ್ಲಿ ಇದೆಯೆಂದು ಅದಕ್ಕೆ ಪ್ರಾಚೀನತೆಯನ್ನು ಕಲ್ಪಿಸಿದರು. ಇಬ್ಬರಲ್ಲಿ ಆ ವೈದ್ಯನೇ ತನ್ನ ಗ್ರಂಥಗಳನ್ನು ಸರಿಯಾಗಿ ಓದಿದ್ದನೆಂದು ಹೇಳಬೇಕಾಗುತ್ತದೆ. ಗ್ರಂಥದಲ್ಲಿ ಇಲ್ಲದುದನ್ನು ಇಲ್ಲವೆಂದು ಒಪ್ಪಿಕೊಳ್ಳುವುದೂ ಗ್ರಂಥಕ್ಕೆ ಸಲ್ಲಿಸತಕ್ಕ ಗೌರವದ ಒಂದು ಭಾಗವೇ.